ಐದು ದ್ರಾಕ್ಷಿ ಕೊಸರು

ನಾನು ಇವತ್ತಿನವರೆಗೂ ವಿಮಾನದಾಗ ಕುಂತಿಲ್ಲ. ಕುಂದ್ರಬೇಕಂತ ಆಸೀನೂ ಇಲ್ಲ. ಆದರ ಒಂದು ಕಾಲದಾಗ ಮುಂಬೈದಾಗ ವಿಮಾನ ಏರಿದ ಮಂದಿ ಊಟದ ತಟ್ಟ್ಯಾಗಿನ ಸಣ್ಣ ಪಾಕೀಟು ಹರದು ಬಾಯಿಗೆ ಹಾಕ್ಕೊಂತಿದ್ದ ಒಣದ್ರಾಕ್ಷಿ ನನ್ನ ಕೈಲೆ ಆರಿಸಿದ್ದು, ನನ್ನ ಕೈಲೆ ತುಂಬಿದ್ದು. ಆ ಕೆಲಸ ನನಗ ಸಿಕ್ಕದ್ದು ನನ್ನ ಕೈಯಾಗ ಬಳಿ ಇರಲಿಲ್ಲ ಅನ್ನೋ ಒಂದೇ ಕಾರಣಕ್ಕ. ಹೋಗಿದ್ದು ನನ್ನ ಜಾಣತನಕ್ಕ. ಅವತ್ತು ನನ್ನ ಜೋಡಿ ಕುಂತು ದ್ರಾಕ್ಷಿ ಆರಿಸಿದವರಾಗ ಭಾಳ ಮಂದಿ ಈಗಿಲ್ಲ. ತಪ್ಪು ಯಾರದಿತ್ತು ಅಂತ ಯಾರಾದರೂ ಕೇಳಿದ್ರ ಹೇಳಾಕ ಒಬ್ಬರಾದರೂ ಬೇಕಲ್ಲ, ಅದಕ್ಕ ಬರಿಯಾಕ ಕುಂತೀನಿ.

ಪಾಲಬಾವಿ ನನ್ನ ತವರು. ಮದಿವ್ಯಾಗಿ ಐಗಳಿಗೆ ಬಂದಾಗ ಊರ ಸುತ್ತ ದ್ರಾಕ್ಷಿ ಪಡ, ಅಂದ್ರ ದ್ರಾಕ್ಷಿ ತೋಟ, ಏಳಾಕತ್ತಿದ್ದವು. ಎರಡು ವರ್ಷಕ್ಕ ಗಂಡ ಕಾಮಣಿ ಬ್ಯಾನಿಲೆ ತೀರಿಕೊಂಡ. ನನಗ ಆಗ ಇಪ್ಪತ್ತೆರಡು. ಮಕ್ಕಳಿರಲಿಲ್ಲ. ಸಾಲ್ಯಾಗ ಹತ್ತನೆತ್ತಾ ಪಾಸಾಗಿದ್ದೆ, ಬಾಯಿ ಜೋರಿತ್ತು. ಎರಡೂ ಯಾರಿಗೂ ಬ್ಯಾಡಾಗಿದ್ದವು. ಅತ್ತಿ ಕೆಟ್ಟಾಕಿ ಅಲ್ಲ. ಆದರ ಮುಂಜಾನೆ ಮಾವ ಹೊರಗ ಹೊಂಟಾಗ ‘ಸ್ವಲ್ಪ ಒಳಗಿರವ್ವಾ’ ಅಂತಿದ್ಲು. ದಿನಾ ಅಂತಿದ್ಲು. ಮುಂಡೇರು ಎದುರಿಗೆ ಬಂದ್ರ ಅಪಶಕುನ ಅಂತ ಬಾಯಿಬಿಟ್ಟು ಮಾತ್ರ ಹೇಳಲಿಲ್ಲ, ಅದೊಂದು ಆಕಿ ದೊಡ್ಡತನ. ನಾ ಒಲಿ ಮುಂದ ಕುಂತು ಮಾವನ ಚಪ್ಪಲಿ ಸಪ್ಪಳ ದೂರಾಗೂತನಕ ಕಾಯತಿದ್ದೆ.

ಊರ ಹೊರಗ ಕ್ರಾಸಿನ ಹಾದ್ಯಾಗ ಒಂದು ದ್ರಾಕ್ಷಿ ಶೆಡ್ಡಿತ್ತು. ಪಡದಿಂದ ಬಂದ ದ್ರಾಕ್ಷಿ ಜಾಳಿಗಿ ಮ್ಯಾಲ ಒಣಗಿಸಿ, ತೊಟ್ಟು ಮುರದು, ಕಸ ಆರಿಸಿ, ಪಾಕೀಟು ತುಂಬೋ ಕೆಲಸ ಅಲ್ಲೆ ನಡೀತಿತ್ತು. ಅದರ ಮಾಲಕರಿಗೆ ಮುಂಬೈದಾಗಿನ ಒಂದು ಹಳೇ ವಿಮಾನ ಕಂಪನೀದು ಆರ್ಡರ್ ಸಿಕ್ಕಿತ್ತು. ಮೊದಲನೇ ವರ್ಷ ಶೆಡ್ಡಿನಾಗ ಮುತ್ತೈದೇರೇ ಕೆಲಸ ಮಾಡತಿದ್ರಂತ. ಯಾವನೋ ಪ್ರಯಾಣಿಕನ ಪಾಕೀಟಿನಾಗ ಹಸರು ಬಳಿ ಚೂರು ಸಿಕ್ಕಿತು. ಸಿಕ್ಕದ್ದೇ ತಡ, ಮುಂಬೈದಿಂದ ಕಾಗದ ಬಂತು: ದ್ರಾಕ್ಷಿ ಮುಟ್ಟೋ ಕೈಯಾಗ ಬಳಿ ಇರಬಾರದು, ಉಂಗುರ ಇರಬಾರದು, ದಾರ ಸೈತ ಇರಬಾರದು. ಮಾಲಕರು ಓದಿ ಹೇಳಿದ್ರು. ‘ಗಂಡ ಮನ್ಯಾಗ ಗಟ್ಟಿಮುಟ್ಟ ಕುಂತಾನ, ನಿಮ್ಮ ವಿಮಾನದ ಸಲವಾಗಿ ನಾ ಬಳಿ ಒಡೀಬೇಕೇನ್ರಿ?’ ಅಂತ ಒಬ್ಬಾಕಿ ಬುತ್ತಿ ಗಂಟು ತಗೊಂಡು ಎದ್ಲು. ಆಕಿ ಹಿಂದ ಎಲ್ಲಾರೂ ಎದ್ದು ಹೋದ್ರು.

ಮಾಲಕರು ತಲಿ ಮ್ಯಾಲ ಕೈ ಹೊತ್ತು ಕುಂತ್ರು. ಅಂಗಳ ಕಸ ಹೊಡಿಯಾಕ ಒಬ್ಬಾಕಿ ಮುದುಕಿ ಬರತಿದ್ಲು, ಎಲ್ಲಾರೂ ಆಕೀಗೆ ಆಯಿ ಅಂತಿದ್ರು. ಸಣ್ಣ ವಯಸ್ಸಿನಾಗ ಗಂಡ ಹೋದಾಕಿ, ಹಿಂದಿಲ್ಲ ಮುಂದಿಲ್ಲ. ಆಕಿ ಕಸಬರಗಿ ಕೆಳಗಿಟ್ಟು ಎರಡೂ ಕೈ ಮುಂದ ಚಾಚಿ, ‘ನನ್ನ ಕೈಯಾಗ ಏನೂ ಇಲ್ಲರಿ ಮಾಲಕ್ರ, ನಡಿತೈತೇನು ನೋಡ್ರಿ’ ಅಂದ್ಲಂತ. ನಡೀತು. ಮರುದಿನ ಆಯಿ ಊರ ತುಂಬ ತಿರುಗಿ ತನ್ನಂಥವರನ್ನ ಕರಕೊಂಡು ಬಂದ್ಲು. ಯಾವ ಮನಿ ಹಿತ್ತಲದಾಗ ಯಾರು ಕುಂತಾರ ಅನ್ನೋದು ಆಕೀಗೆ ಬಾಯಿಪಾಠ ಇತ್ತು. ನಮ್ಮ ಮನಿಗೂ ಬಂದು ಅತ್ತಿ ಮುಂದ ಕುಂತು, ‘ಸೊಸೀನ ಕಳಸವ್ವಾ, ಒಳಗ ಕುಂತು ಏನ ಮಾಡತಾಳ’ ಅಂದ್ಲು. ಅತ್ತಿ ನನ್ನ ಕೈ ನೋಡಿದ್ಲು, ಆಯಿ ಮಾರಿ ನೋಡಿದ್ಲು. ‘ಬೋಳಗೈಗೂ ಬೆಲಿ ಬಂತಂತೀರಿ ಹಂಗಾರ’ ಅಂದ್ಲು. ಅಷ್ಟಂದ್ರೂ ಕಳಿಸಿದ್ಲು.

ಊರ ಮಂದಿ ಅದಕ್ಕ ಬೋಳಗೈ ಶೆಡ್ಡು ಅಂತ ಹೆಸರಿಟ್ರು. ಹೆಸರಿಡಾಕ ಅವರಿಗೆ ಕಾಸು ಖರ್ಚಿಲ್ಲಲ್ಲ. ಮಾಲು ಒಯ್ಯೋ ಲಾರಿ ಡ್ರೈವರ್ ಮೊದಮೊದಲು ನಾವು ಎದುರಿಗೆ ಬಂದ್ರ ಗಾಡಿ ಚಾಲೂ ಮಾಡತಿರಲಿಲ್ಲ. ಗಾಜಿನ ಮುಂದ ನಿಂಬಿಹಣ್ಣು ಕಟಗೊಂಡಿದ್ದ. ಒಂದಿನ ನಾನೇ ಹೋಗಿ, ‘ಅಣ್ಣಾ, ನಿನ್ನ ಲಾರ್‍ಯಾಗ ತುಂಬಿದ್ದೆಲ್ಲಾ ನಾವು ಮುಟ್ಟಿದ್ದು. ಒಂದು ನಿಂಬಿಹಣ್ಣಿಗೆ ನೀಗೂದಿಲ್ಲ, ಒಂದು ಚೀಲ ತಗೊಂಡು ಬಾ’ ಅಂದೆ. ಆಯಿ ನಕ್ಕು ನಕ್ಕು ಕೆಮ್ಮಿದ್ಲು. ಆಮ್ಯಾಲ ಆ ಡ್ರೈವರ್ ಕಾಗವಾಡ ದಾಟಿ ಮಿರಜಿಗೆ ಹೋಗಿ ಮಾಲು ರೈಲಿಗೆ ಹಾಕಿ ಬರೂಮುಂದ ನಮಗ ಬಟಾಟಿವಡಾ ತರತಿದ್ದ.

ನಮ್ಮ ಕೈ ನೋಡಿದ್ರ ಬಾಗಿಲಾ ಹಾಕ್ಕೊಳ್ಳೋ ಊರು ಅದು. ಆ ಕೈಯೇ ಬೇಕು ಅಂತ ಹುಡಕ್ಕೊಂಡು ಬಂದದ್ದು ಆ ಶೆಡ್ಡು ಒಂದೇ. ಒಂದು ವರ್ಷದಾಗ ನಾನು ಅತ್ತಿಮನಿ ಬಿಟ್ಟು ಕ್ರಾಸಿನ ಹತ್ತಿರ ಆಯಿ ಜೋಡಿ ಒಂದು ಖೋಲಿ ಹಿಡದೆ. ಮುಂಜಾನೆ ಎದ್ದು ಬಾಗಿಲಾ ತಗದು, ಯಾರು ಎದುರಿಗೆ ಬರತಾರ ಬಿಡತಾರ ಅಂತ ನೋಡದ, ಹೊರಗ ನಿಂತು ಹಲ್ಲು ತಿಕ್ಕತಿದ್ದೆ. ಕೆಲಸ ಹೋದ್ರ ನನಗ ಇದ್ದದ್ದು ಎರಡೇ ಹಾದಿ, ಅತ್ತಿ ಒಲಿ ಮುಂದ, ಇಲ್ಲಾ ಪಾಲಬಾವ್ಯಾಗ ಅಣ್ಣನ ಮನಿ ಮೂಲ್ಯಾಗ. ಅದಕ್ಕ ಆ ಕೆಲಸ ನಾನು ಹಲ್ಲು ಕಚ್ಚಿ ಹಿಡದಿದ್ದೆ.

ಕೆಲಸ ಸುಲಭ ಅಂತ ತಿಳೀಬ್ಯಾಡ್ರಿ. ಇಬ್ಬರು ಹಿಡದು ಎತ್ತೋವಂಥ ದೊಡ್ಡ ಪರಾತದಾಗ ದ್ರಾಕ್ಷಿ ಹರವಿ, ಒಂದೊಂದೂ ಕಣ್ಣಿಗೆ ಹಾಕ್ಕೊಂಡು ನೋಡಬೇಕು. ಕಲ್ಲಿನ ಹಳ್ಳು, ಕೂದಲು, ತೊಟ್ಟಿನ ಮುಳ್ಳು, ಏನೂ ಬಿಡಂಗಿಲ್ಲ. ಸಂಜೀಮುಂದ ಕಣ್ಣು ಮುಚ್ಚಿದ್ರೂ ದ್ರಾಕ್ಷೀನೇ ಕಾಣತಿದ್ದವು. ಮಧ್ಯಾಹ್ನ ಬುತ್ತಿ ಬಿಚ್ಚೋ ಹೊತ್ತಿಗೆ ಎಂದಾದರೊಮ್ಮೆ ಮ್ಯಾಲ ಬಿಳೀ ಗೆರಿ ಎಳಕೊಂತ ವಿಮಾನ ಹೋಗತಿತ್ತು. ಆಯಿ ರೊಟ್ಟಿ ಕೈಯಾಗ ಹಿಡದೇ, ‘ನಮ್ಮ ಗಿರಾಕಿ ಹೊಂಟಾರ ನೋಡ್ರಿ’ ಅಂತಿದ್ಲು. ಅದು ಯಾವ ಕಂಪನೀದೋ ಯಾರಿಗೆ ಗೊತ್ತು, ನಾವಂತೂ ನಮ್ಮದೇ ಅಂತ ತಿಳಕೊಂಡು ಊಟ ಮಾಡತಿದ್ವಿ.

ವರ್ಷಕ್ಕೊಮ್ಮೆ ಮುಂಬೈದಿಂದ ಒಬ್ಬರು ಸಾಹೇಬ್ರು ತಪಾಸಣಿಗೆ ಬರತಿದ್ರು. ಮೂಲದಾಗ ನಿಪ್ಪಾಣಿಯವರು, ಹುಟ್ಟಿ ಬೆಳದದ್ದು ಅಲ್ಲೆ. ಈ ಕಡೆ ದ್ರಾಕ್ಷಿ ಬಗ್ಗೆ ಕಂಪನಿಗೆ ಹೇಳಿ ಆರ್ಡರ್ ಕೊಡಿಸಿದವರೂ ಅವರೇ. ಕನ್ನಡಾ ಮಾತಾಡೂಮುಂದ ನಡುನಡುವ ಮರಾಠಿ ಹೊಕ್ಕೊಂತಿತ್ತು, ನಮಗೇನು ಅದು ತೊಡಕಲ್ಲ. ಮೊದಲನೇ ಸಲ ಬಂದಾಗ ಬಿಳೀ ಕಾರು, ಜೋಡಿ ಇಬ್ಬರು ಹುಡುಗರು, ಕೈಯಾಗ ಚರ್ಮದ ಚೀಲ. ನಮ್ಮ ಕೈ ಉಗುರು ನೋಡಿದ್ರು, ಕುಡಿಯೋ ನೀರು ನೋಡಿದ್ರು, ‘ಬರೋಬರ್ ಐತಿ’ ಅಂದು ಚಹಾ ಕುಡದು ಹೋದ್ರು. ಆವಾಗ ಪಾಕೀಟಿನ ಮ್ಯಾಲ ಬಂಗಾರದ ಬಣ್ಣದ ಅಕ್ಷರ ಇರತಿದ್ದವು. ಖಾಲಿ ಪಾಕೀಟು ಒಂದೊಂದು ನಾವು ದೇವರ ಜಗಲಿ ಮ್ಯಾಲ ಸೈತ ಅಂಟಿಸಿಕೊಂಡಿದ್ವಿ.

ಆಮ್ಯಾಲ ಆ ಕಂಪನಿಗೆ ಕಷ್ಟ ಬಂತು. ಕಷ್ಟ ಬಂದದ್ದು ನಮಗ ಯಾರೂ ಹೇಳಲಿಲ್ಲ, ಪಾಕೀಟು ನೋಡಿ ತಿಳಕೊಂಡ್ವಿ. ಒಂದು ವರ್ಷ ಬಂಗಾರದ ಅಕ್ಷರ ಹೋಗಿ ಕೆಂಪು ಬಂದವು. ಮರುವರ್ಷ ಕೆಂಪೂ ಹೋಗಿ ಬರೇ ಕರೀ ಅಕ್ಷರ. ಅದರ ಮುಂದಿನ ಹಂಗಾಮಿಗೆ ಪಾಕೀಟೇ ಸಣ್ಣದಾಗಿ ಬಂತು, ತೂಕಾನೂ ಕಡಿಮಿ. ಸಾಹೇಬ್ರೂ ಹಂಗೇ ಆದ್ರು. ಕಾರು ಹೋಗಿ ಬಾಡಿಗಿ ಜೀಪು ಬಂತು. ಜೋಡಿ ಬರತಿದ್ದ ಹುಡುಗರು ಇಲ್ಲವಾದ್ರು. ತೊಂಬತ್ತರ ನಂತರದ ಒಂದು ವರ್ಷ ನೋಡತೀವಿ, ಉಗಾರ ಖುರ್ದದಾಗ ರೈಲಿನಿಂದ ಇಳದು, ಕಬ್ಬಿನ ಟ್ರ್ಯಾಕ್ಟರ್ ಹಿಂದ ತೆವಳೋ ಬಸ್ಸಿನಾಗ ಅಥಣಿಗೆ ಬಂದು, ಮತ್ತೊಂದು ಬಸ್ಸು ಹಿಡದು, ಧೂಳು ಹಿಡದ ಪ್ಯಾಂಟು ಜಾಡಿಸಿಕೊಂತ ಒಬ್ಬರೇ ಬಂದು ನಿಂತಾರ. ಚೀಲದಾಗ ಮನೀ ಚಪಾತಿ ಇದ್ದವು.

ಅವತ್ತು ನಾವು ಅವರನ್ನ ನಮ್ಮ ಜೋಡಿನೇ ಊಟಕ್ಕ ಕುಂದ್ರಿಸಿಕೊಂಡ್ವಿ. ಆಯಿ ಕೇಳಿದ್ಲು, ‘ಯಾಕ್ರಿ ಸಾಹೇಬ್ರ, ಬಡವಾಗೀರಲ್ಲ?’

‘ಏನ ಹೇಳಲಿ ಆಯಿ’ ಅಂದ್ರು. ‘ಇಷ್ಟು ದಿವಸ ನಮ್ಮದೊಂದೇ ಅಂಗಡಿ ಇತ್ತು. ಈಗ ಹೊಸಾ ಕಂಪನಿಗಳು ಬಂದಾವ. ಅವರ ವಿಮಾನ ಹೊಸಾವು, ಹೊತ್ತಿಗೆ ಸರಿಯಾಗಿ ಏಳತಾವು. ಮಂದಿ ಅಲ್ಲೆ ಹೊಂಟಾರ. ನಮ್ಮಲ್ಲೆ ಒಬ್ಬರ ಕೆಲಸಕ್ಕ ಮೂವರು. ಅಡಿಗಿ ಖಾತೆ, ಖರೀದಿ ಖಾತೆ ಎರಡೂ ಕೂಡಿಸಿ ಒಂದ ಮಾಡ್ಯಾರ, ಒಬ್ಬ ಮುಖ್ಯಸ್ಥನ್ನ ಮನಿಗೆ ಕಳಿಸ್ಯಾರ. ಐವತ್ತು ದಾಟಿದವರಿಗೆ ನೀವಾಗೇ ಬಿಟ್ಟುಹೋಗ್ರಿ ಅಂತ ಕಾಗದ ಕೊಡಾಕತ್ತಾರ. ಹಳೇ ವಿಮಾನ ಮಾರಾಕತ್ತಾರ. ಉಳದ ನಾವೆಲ್ಲಾ ಪ್ರತಿ ತಿಂಗಳಾ ಏನು ಉಳಿಸಿದ್ವಿ ಅಂತ ತೋರಸಬೇಕು. ಪಾಕೀಟಿನ ಅಕ್ಷರ ತಗಸಿದವ ನಾನೇ.’

‘ದ್ರಾಕ್ಷ್ಯಾಗ ಏನ ಉಳಿತೈತ್ರಿ?’ ಅಂದ್ಲು ಆಯಿ. ‘ಆನಿ ಹೊಟ್ಟ್ಯಾಗ ಅರಕಾಸಿನ ಮಜ್ಜಗಿ.’

‘ಆನೀನ ಮುಟ್ಟಾಕ ಯಾರಿಗೂ ಧೈರ್ಯ ಇಲ್ಲ. ಮಜ್ಜಗಿ ಕಡಿಮಿ ಮಾಡಾಕ ಎಲ್ಲಾರಿಗೂ ಬರತೈತಿ’ ಅಂದು ಸಾಹೇಬ್ರು ನಕ್ರು. ಹೋಗೂಮುಂದ ಮಾಲಕರ ಕಡೆ ತಿರುಗಿ, ಮುಂದಿನ ವರ್ಷ ಏನಾಗತೈತೋ ಹೇಳಾಕ ಬರೂದಿಲ್ಲ, ಮಾಲು ಮಾತ್ರ ಹಿಂಗೇ ಛಲೋ ಇರಲಿ ಅಂತ ಹೇಳಿ ಹೋದ್ರು.

ಆ ರಾತ್ರಿ ನಿದ್ದಿ ಹತ್ತಲಿಲ್ಲ. ಅತ್ತಿ ಒಲಿ ಕಣ್ಣ ಮುಂದ ಬಂತು. ಮುಂಜಾನೆ ಎದ್ದಾಗ ನನ್ನ ತಲ್ಯಾಗ ಒಂದು ಉಪಾಯ ಇತ್ತು, ಸುಡುಗಾಡು ಉಪಾಯ.

ಕೊಸರು ಯಾರಿಗೆ ಗೊತ್ತಿಲ್ಲ? ಅಥಣಿ ಸಂತ್ಯಾಗ ಶೇಂಗಾ ಅಳದು ಕೊಟ್ಟ ಮ್ಯಾಲ ಒಂದು ಹಿಡಿ ಮ್ಯಾಲ ಹಾಕಲಿಲ್ಲಂದ್ರ ಗಿರಾಕಿ ಮತ್ತ ಆ ಕಡೆ ಹಣಿಕಿ ಹಾಕೂದಿಲ್ಲ. ಅಳತಿ ಅಳತಿನೇ, ಆದರ ಗಿರಾಕಿ ಉಳಿಯೋದು ಮ್ಯಾಲಿನ ಆ ಹಿಡಿಗೆ. ನಾ ಪರಾತದ ಸುತ್ತ ಕುಂತವರಿಗೆ ಹೇಳಿದೆ: ‘ಮಂದಿ ಹೊಸಾ ವಿಮಾನಕ್ಕ ಯಾಕ ಹೋಗಾಕತ್ತಾರ? ಇವರು ಎಲ್ಲಾದರಾಗೂ ಕೈ ಬಿಗಿ ಹಿಡದಾರ. ಪಾಕೀಟು ಹರದ್ರ ಎರಡು ಬೆರಳಿಗೆ ಸಿಗೂವಷ್ಟು ದ್ರಾಕ್ಷಿ. ಯಾರಿಗೆ ಸಿಟ್ಟು ಬರೂದಿಲ್ಲ? ನಾವು ಒಂದೊಂದು ಪಾಕೀಟಿಗೆ ಐದೈದು ದ್ರಾಕ್ಷಿ ಕೊಸರು ಹಾಕೂಣು.’

ಈಗ ಓದಿದವರು ನಗತೀರಿ. ನಗ್ರಿ. ನಮಗ ಅವತ್ತು ಅದು ಬ್ರಹ್ಮವಾಕ್ಯ ಆಗಿತ್ತು. ಮಾಲಕರ ಮಾಲು ಮುಟ್ಟೂದು ಬ್ಯಾಡ ಅಂತ ಮೊದಲೇ ಠರಾವು ಮಾಡಿದ್ವಿ. ಸಂಜೀಗೆ ಕೆಲಸ ಬಿಡೂಮುಂದ ನಮಗ ಒಬ್ಬೊಬ್ಬರಿಗೆ ಒಂದು ಹಿಡಿ ದ್ರಾಕ್ಷಿ ಕೊಡೋ ಪದ್ಧತಿ ಇತ್ತು. ಅದನ್ನ ಮನಿಗೆ ಒಯ್ಯದ, ಮರುದಿನ ಪಾಕೀಟಿಗೆ ಹಾಕೋದು. ನಮ್ಮದನ್ನ ನಾವು ಕೊಟ್ರ ಯಾರಪ್ಪಂದು ಏನು ಹೋಗತೈತಿ?

ಆಯಿ ಒಬ್ಬಾಕಿ ತಲಿ ಅಲ್ಲಾಡಿಸಿದ್ಲು. ‘ಹೇಳದ ಮಾಡೂದು ಬ್ಯಾಡ ಬೇ. ಮಾಲಕರ ಕಿವಿಗೆ ಒಂದು ಮಾತು ಹಾಕು.’

‘ಕೊಡಾಕೂ ಅಪ್ಪಣಿ ಬೇಕೇನ ಆಯಿ?’ ಅಂದೆ. ‘ಹೇಳಿದ್ರ ಬ್ಯಾಡ ಅಂತಾರ. ಉಂಡ ಮನಿಗೆ ಕಷ್ಟ ಬಂದಾಗ ಸುಮ್ಮ ಕುಂದ್ರಾಕ ನನಗ ಆಗೂದಿಲ್ಲ.’

ನನ್ನ ಬಾಯಿ ಮುಂದ ಆಯಿ ಎಂದೂ ಗೆದ್ದಾಕಿ ಅಲ್ಲ. ಆ ಹಂಗಾಮು ಪೂರ್ತಿ ಕೊಸರು ಹಾಕಿದ್ವಿ. ದಪ್ಪನ್ನವು, ಹೊಳಿಯೋವು ನೋಡಿ ಆರಿಸಿ ಹಾಕಿದ್ವಿ. ನಮ್ಮ ಮನ್ಯಾಗ ದ್ರಾಕ್ಷಿ ಬಾಯಿಗೆ ಹತ್ತಲಿಲ್ಲ, ಆದರ ಮ್ಯಾಲ ಬಿಳೀ ಗೆರಿ ಕಂಡ್ರ ಎಲ್ಲಾರ ಮಾರೀನೂ ಅರಳತಿತ್ತು. ಹಂಗಾಮು ಮುಗಿಯೋ ಹೊತ್ತಿಗೆ ನಾನು ಆ ಕಂಪನೀನ ಉಳಿಸೇ ಬಿಟ್ಟೀನಿ ಅನ್ನೋವಷ್ಟು ಸೊಕ್ಕು ಬಂದಿತ್ತು.

ಸಾಹೇಬ್ರು ಆ ಸಲ ಹೇಳದ ಕೇಳದ ಬಂದ್ರು. ಚೀಲದಾಗಿಂದ ಅಂಗೈಯಷ್ಟು ಒಂದು ತೂಕದ ಮಶೀನು ತಗದು ಮೇಜಿನ ಮ್ಯಾಲಿಟ್ರು. ಮುಚ್ಚಿದ ಡಬ್ಬಿಗಳಾಗಿಂದ ತಾವೇ ಕೈ ಹಾಕಿ ಪಾಕೀಟು ತಗದು ಒಂದೊಂದೇ ತೂಗಿದ್ರು. ಒಂದು ಭಾರ. ಎರಡನೇದೂ ಭಾರ. ಹತ್ತನೇದಕ್ಕ ಅವರ ಮಾರಿ ಕಪ್ಪಾತು. ಮಾಲಕರ ಕಡೆ ತಿರುಗಿ, ‘ದ್ರಾಕ್ಷಿಗೆ ನೀರು ಹೊಡದೀರೇನು? ಹಸೀ ಮಾಲು ತುಂಬೀರೇನು? ತೂಕ ಹೆಂಗ ಏರತೈತಿ?’ ಅಂತ ಕೇಳಿದ್ರು.

ಮಾಲಕರಿಗೆ ಏನೂ ಗೊತ್ತಿಲ್ಲ.  ಆ ಮನಶಾ ಎಂದೂ ಮಾಲಿನಾಗ ಮೋಸ ಮಾಡಿದವರಲ್ಲ. ಅವರು ಕಳ್ಳರಂಗ ನಿಂತದ್ದು ನೋಡಿ ನನಗ ತಡಿಯಾಕ ಆಗಲಿಲ್ಲ. ಎದ್ದು ನಿಂತೆ.

‘ಅದು ಕೊಸರು ರೀ ಸಾಹೇಬ್ರ’ ಅಂದೆ. ‘ಮಾಲಕರಿಗೆ ಗೊತ್ತಿಲ್ಲ. ನಾನೇ ಹಾಕಿಸೀನಿ. ನಮ್ಮ ಪಾಲಿನ ದ್ರಾಕ್ಷಿ, ಒಂದಕ್ಕ ಐದು. ನಿಮ್ಮ ಗಿರಾಕಿ ನಿಮ್ಮಲ್ಲೇ ಉಳೀಲಿ ಅಂತ.’

ಸಾಹೇಬ್ರು ನಿಪ್ಪಾಣಿ ಪ್ಯಾಟ್ಯಾಗ ಬೆಳದವರು, ಕೊಸರು ಅಂದ್ರೇನು ಅಂತ ಅವರಿಗೆ ನಾ ಹೇಳಬೇಕಾಗಿರಲಿಲ್ಲ. ಕುರ್ಚಿ ಮ್ಯಾಲ ಕುಂತು ಚಷ್ಮಾ ತಗದು ಕಣ್ಣು ಒರಸಿಕೊಂಡ್ರು. 

‘ತಂಗಿ’ ಅಂದ್ರು ಕಡೀಕ. ‘ನೆಲದ ಮ್ಯಾಲಿನ ಕೊಸರಿಗೆ ಖರ್ಚಿಲ್ಲ. ವಿಮಾನದಾಗ ಹೋಗೋ ಪ್ರತಿಯೊಂದನ್ನೂ ಮ್ಯಾಲ ಎತ್ತಾಕ ಎಣ್ಣಿ ಸುಡಬೇಕು. ಅದಕ್ಕೇ ಊಟದ ತಟ್ಟಿ ಹಗುರು ಮಾಡ್ಯಾರ, ಚಮಚಾ ಹಗುರು ಮಾಡ್ಯಾರ, ಓದೋ ಪುಸ್ತಕ ಸೈತ ತಗದಾರ. ನಾನು ಇವರ ದ್ರಾಕ್ಷಿ ಕಡಿಮಿ ಮಾಡಿ ಇಷ್ಟು ಉಳಿಸಿದೆ ಅಂತ ಮ್ಯಾಲಿನವರಿಗೆ ಬರದು ಕೊಟ್ಟೀನಿ. ನೀವು ಅದನ್ನ ಒಂದೊಂದೇ ಮತ್ತ ತುಂಬಿ ಕಳಿಸೀರಿ.’

ನನಗ ನೆಲ ಬಿರದು ಒಳಗ ಹೋಗಬೇಕು ಅನಸ್ತು. ಅವರು ಇನ್ನೂ ಹೇಳಿದ್ರು. ಪುಣೆ ಹತ್ತಿರ ಮಶೀನಿನಾಗ ತುಂಬೋ ಕಾರಖಾನಿ ಒಂದು ಕಂಪನಿಗೆ ಮಾಲು ಕೊಡತೀನಿ ಅಂತ ನಿಂತಿತ್ತು. ಅದೋ, ಈ ಶೆಡ್ಡೋ, ಒಂದ ಇಟಗೋರಿ ಅಂತ ಮ್ಯಾಲಿಂದ ಹುಕುಂ ಬಂದಿತ್ತು. ಕೈಲೆ ತುಂಬಿದ್ರೂ ಇಲ್ಲಿ ತೂಕ ಕೂದಲಷ್ಟೂ ಹೆಚ್ಚುಕಡಿಮಿ ಆಗಿಲ್ಲ ಅಂತ ಬರದು ನಮ್ಮನ್ನ ಉಳಿಸಬೇಕಂತ ಅವರು ಅಷ್ಟು ದೂರದಿಂದ ಬಂದಿದ್ರು.

‘ನಂದೊಬ್ಬಾಕಿದೇ ತಪ್ಪು ಅಂತ ಬರೀರಿ’ ಅಂದೆ. ‘ನನ್ನನ್ನ ತಗದು ಹಾಕ್ರಿ, ಇವರನ್ನ ಇಡ್ರಿ.’

‘ಆ ಕಾಗದದಾಗ ತೂಕ ಬರೋಬರ್ ಐತೋ ಇಲ್ಲೋ, ಅಷ್ಟ ಕೇಳ್ಯಾರ’ ಅಂದ್ರು. ‘ಯಾಕ ಅಂತ ಬರಿಯಾಕ ಜಾಗಾ ಇಲ್ಲ ತಂಗಿ. ಕಾಯ್ ಕರಣಾರ, ಏನ ಮಾಡೂದು.’

ನಮ್ಮ ಎದುರಿಗೇ ಬರದ್ರು. ಬರದು, ಪೆನ್ನು ಮುಚ್ಚಿ, ನೀರು ಸೈತ ಕುಡೀದ ಬಸ್ಸಿಗೆ ಹೋದ್ರು. ನಾ ಅವರನ್ನ ಮನಸಿನಾಗ ಬಾಯಿಗೆ ಬಂದಂಗ ಬೈದೆ. ಆ ಒಂದು ಗೆರಿ ಸುಳ್ಳು ಬರದಿದ್ರ ಅವರ ಗಂಟೇನು ಹೋಗತಿತ್ತು ಅಂತ ಎಷ್ಟೋ ದಿನ ಸಿಟ್ಟು ಆರಲಿಲ್ಲ. ಆ ವರ್ಷದ ಕಡೀಕ ಅವರ ಖಾತೇನೇ ಮುಚ್ಚಿದ್ರಂತ, ಅವರು ಗಂಟು ಕಟಗೊಂಡು ನಿಪ್ಪಾಣಿಗೆ ಬಂದ್ರಂತ ಅಂತ ಲಾರಿ ಡ್ರೈವರ್ ಹೇಳಿದ. ಖರೆ ಬರದೂ ಅವರಿಗೇನೂ ಉಳೀಲಿಲ್ಲ. ಅವತ್ತಿಂದ ಬೈಯೋದು ಬಿಟ್ಟೆ, ಆದರ ಸಮಾಧಾನ ಏನೂ ಆಗಲಿಲ್ಲ.

ಕಂಪನಿ ಕಾಗದ ಒಂದ ಸಾಲಿಂದು ಬಂತು. ಶೆಡ್ಡು ಬಂದ್ ಆತು. ಹೆಣ್ಣುಮಕ್ಕಳು ಒಬ್ಬೊಬ್ಬರೇ ತಮ್ಮ ತಮ್ಮ ಹಿತ್ತಲಕ್ಕ ತಿರುಗಿ ಹೋದ್ರು. ನನ್ನನ್ನ ಯಾರೂ ಬೈಲಿಲ್ಲ. ಬೈದಿದ್ರ ಛಲೋ ಇತ್ತು. ಎದುರಿಗೆ ಸಿಕ್ಕಾಗ ‘ಊಟ ಆತೇನ?’ ಅಂತ ಕೇಳಿ ಮುಂದ ಹೋಗತಿದ್ರು, ಆ ಮಾತು ನನಗ ಚುಚ್ಚತಿತ್ತು. ಆಯಿ ಸೈತ ಒಂದಿನಾನೂ ‘ನಾ ಹೇಳಿದ್ದೆ’ ಅನಲಿಲ್ಲ.

ಮುಂದಿನ ಹಂಗಾಮಿಗೆ ಮಾಲಕರು ಮತ್ತ ಶೆಡ್ಡು ತಗದ್ರು, ಸಾಂಗಲಿ ಮಿರಜ ಪ್ಯಾಟಿಗೆ ಚೀಲ ತುಂಬಾಕ. ಅಲ್ಲಿಯ ವ್ಯಾಪಾರಿಗಳದು ಬಳೀದು ಗಿಳೀದು ಏನೂ ಕಾನೂನಿರಲಿಲ್ಲ. ಹೊಸಾ ಧಂದೆ ಅಂತ ಛಲೋ ದಿನ ನೋಡಿ ಪೂಜಾ ಇಟ್ಟಿದ್ರು. ಮಾಲಕರ ತಾಯಿ ಐದು ಮಂದಿ ಮುತ್ತೈದೇರನ್ನ ಕರದು ಮೊದಲನೇ ಹಿಡಿ ಅವರ ಕೈಲೆ ಹಾಕಿಸಿದ್ರು. ನಾವು ಬಾಗಿಲದ ಹೊರಗ ನಿಂತು ನೋಡಿದ್ವಿ. ಅಷ್ಟು ವರ್ಷ ಆ ಶೆಡ್ಡಿನಾಗ ಮೊದಲನೇ ಹಿಡಿ, ಕಡೀ ಹಿಡಿ ಎಲ್ಲಾ ನಮ್ಮದೇ ಇತ್ತು. ಆಯಿನ್ನ ಮತ್ತ ಅಂಗಳ ಕಸಕ್ಕ ಇಟಗೊಂಡ್ರು. ನನಗ ಮಾಲಕರು ಕೆಳಗ ನೋಡಿಕೊಂತ ಹೇಳಿದ್ರು, ‘ನನ್ನ ಮಾತಲ್ಲವ್ವಾ ಇದು. ಅವ್ವ ಒಪ್ಪವಲ್ಲಳು. ಬಳಿ ಕೈ ಇದ್ರ ಛಲೋ ಅಂತಾಳ.’

ಬಳಿ ಕೈ ಬೇಕಲ್ಲ? ನಾ ಅಥಣಿ ಬಸ್ಸು ಹತ್ತಿದೆ. ಬಳಿಗಾರನ ಮುಂದ ಕುಂತು ಎರಡೂ ಕೈ ಚಾಚಿದೆ. ಅವ ನನ್ನ ಹಣಿ ನೋಡಿದ, ಕೈ ನೋಡಿದ, ‘ಯಾರಿಗೆ ಬೇಕ್ರಿ?’ ಅಂದ. ‘ಈ ಕೈಗೇ’ ಅಂದೆ. ಹನ್ನೊಂದು ವರ್ಷಕ್ಕ ಮೊದಲನೇ ಸಲ ಹಸರು ಗಾಜಿನ ಬಳಿ ಏರಿದವು. ಕೈ ದಪ್ಪಾಗಿತ್ತು, ಎಲುವು ನೋಯ್ತು. ಅಳು ಬಂತು ಅಂದ್ರ ಸುಳ್ಳಲ್ಲ, ಆದರ ಅದು ಗಂಡನ ನೆನಪಿಗೆ ಬಂದ ಅಳು ಅಲ್ಲ. ಕೂಲಿ ಸಲವಾಗಿ ಒಮ್ಮೆ ಬೋಳಗೈ ತೋರಿಸಿದ್ದೆ, ಈಗ ಬಳಿ ತೋರಿಸಬೇಕಾತಲ್ಲ ಅನ್ನೋ ಸಂಕಟಕ್ಕ ಬಂದದ್ದು.

ಮರುದಿನ ಹಂಗೇ ಶೆಡ್ಡಿಗೆ ಹೋದೆ.  ಮಾಲಕರ ತಾಯಿ ನನ್ನ ಕೈ ನೋಡಿ ಎದ್ದು ಒಳಗ ಹೋದ್ರು. ಮಾಲಕರಿಗೆ ಮಾಲು ಕೆಡಾಕತ್ತಿತ್ತು, ಆರಿಸೋ ಕೈ ಸಾಲತಿರಲಿಲ್ಲ, ನನ್ನಷ್ಟು ಜಲದೀ ಆರಿಸೋರು ಇನ್ನೊಬ್ಬರಿರಲಿಲ್ಲ. ಅವರು ಒಂದು ಪರಾತ ನನ್ನ ಕಡೆ ಸರಿಸಿದ್ರು. ಊರ ಮಂದಿ ಏನೇನು ಅಂದ್ರು ಅನ್ನೋದನ್ನ ಇಲ್ಲೆ ಬರಿಯಾಕ ನನಗ ಮನಸ್ಸಿಲ್ಲ. ಅತ್ತಿ ಹಾದ್ಯಾಗ ಸಿಕ್ಕು ಬಳಿ ನೋಡಿ, ಸೆರಗು ತಲಿ ಮ್ಯಾಲ ಎಳಕೊಂಡು ಮುಂದ ಹೋದ್ಲು. ಖೋಲಿ ಉಳೀತು. ಅಷ್ಟ ಸಾಕಾಗಿತ್ತು.

ಎರಡು ವಾರಾ ಆಗಿತ್ತು. ಮಧ್ಯಾಹ್ನದ ಹೊತ್ತು, ತುಂಬಿದ ಪರಾತ ನನ್ನ ಕಡೆ ಎಳಕೊಳ್ಳೂಮುಂದ ಕೈ ಅಂಚಿಗೆ ಬಡದು ಒಂದು ಬಳಿ ಒಡೀತು. ಗಾಜು ದ್ರಾಕ್ಷ್ಯಾಗ ಬಿತ್ತು.  ಸೆರಗು ನೆಲದ ಮ್ಯಾಲ ಹಾಸಿ, ಚೂರು ಆರಿಸಿ ಆರಿಸಿ ಬಳೀ ಆಕಾರಕ್ಕ ಒಂದಕ್ಕೊಂದು ಹಚ್ಚಿ ಇಟ್ಟೆ. ಎಲ್ಲಾ ಕೂಡಿದವು, ಜ್ವಾಳದ ಕಾಳಿನಷ್ಟು ಒಂದು ಜಾಗಾ ಉಳೀತು. ಆ ಒಂದು ಚೂರು ಸಿಗಲಿಲ್ಲ. ಜರಡಿ ಹಿಡದೆ, ಬೆರಳಿಲೆ ಹರವಿ ನೋಡಿದೆ, ಕಣ್ಣು ಉರಿಯಾಕ ಹತ್ತಿದವು. ದ್ರಾಕ್ಷೀನೂ ಹಸರು, ಗಾಜೂ ಹಸರು.

ಲಾರಿ ಬಾಗಿಲಕ್ಕ ಬಂದು ನಿಂತಿತ್ತು. ಮಾಲಕರು ಬಂದ್ರು. ಹೇಳಿದೆ. ‘ಈ ಪರಾತ ತುಂಬೂದು ಬ್ಯಾಡ್ರಿ. ಒಂದು ಚೂರು ಸಿಗವಲ್ಲದು.’

ಅವರು ಲಾರಿ ನೋಡಿದ್ರು, ಪರಾತ ನೋಡಿದ್ರು. ಕೆಟ್ಟ ಮನಶಾ ಅಲ್ಲ, ಅದನ್ನ ಮತ್ತೊಮ್ಮೆ ಹೇಳತೀನಿ. ದಣದಿದ್ರು. ‘ಇದೇನು ವಿಮಾನಕ್ಕ ಹೋಗತೈತೇನವ್ವಾ?’ ಅಂದ್ರು. ‘ಚೀಲದಾಗ ಹಾಕ್ರಿ.’

ಬಳಿ ಕೈ ಹೆಣ್ಣುಮಕ್ಕಳು ಯಾರೂ ಅಲ್ಲಾಡಲಿಲ್ಲ. ಅವರಿಗೆ ಮನ್ಯಾಗ ಮಕ್ಕಳು ಮರಿ, ನಾ ಅವರಿಗೆ ಏನೂ ಅನ್ನೂದಿಲ್ಲ. ನಾನು ಪರಾತದ ಒಂದು ಅಂಚು ಹಿಡದೆ. ಇದನ್ನ ಎತ್ತಿ ಒಯ್ದು ಹೊರಗ ಚೆಲ್ಲಿದ್ರ ನಾಳೆ ಕೆಲಸ ಇಲ್ಲ, ಖೋಲಿ ಇಲ್ಲ ಅನ್ನೋದು ನನಗ ಪೂರ್ತಿ ಗೊತ್ತಿತ್ತು. ಹೆಚ್ಚು ಹಾಕಿ ಒಮ್ಮೆ ಕಳಕೊಂಡಿದ್ದೆ, ಈಗ ಹಾಕಲಾರದ ಕಳಕೊಳ್ಳಾಕ ಹೊಂಟಿದ್ದೆ. ಎತ್ತಿದೆ. ಒಬ್ಬಾಕಿಗೆ ಏಳಲಿಲ್ಲ. ಅದು ಇಬ್ಬರು ಎತ್ತೋ ಪರಾತ.

ಅಂಗಳದಾಗ ಕಸಬರಗಿ ಬಿದ್ದ ಸಪ್ಪಳಾತು. ಆಯಿ ಒಳಗ ಬಂದ್ಲು, ಮಾಲಕರ ಕಡೆ ನೋಡಲಿಲ್ಲ, ಬಗ್ಗಿ ಇನ್ನೊಂದು ಅಂಚು ಹಿಡದ್ಲು. ಬಾಗಿಲಾ ದಾಟಿದ ಮ್ಯಾಲ ನಾನು ತಿಪ್ಪಿ ಕಡೆ ಹೊಂಟೆ. ಆಯಿ ನಿಲ್ಲಿಸಿದ್ಲು.

‘ತಿಪ್ಪಿಗೆ ಬ್ಯಾಡ ಬೇ’ ಅಂದ್ಲು. ‘ದನ ಬಾಯಿ ಹಾಕತಾವು. ಸಲಕಿ ತಗೊಂಡ ಬರತೀನಿ, ತಗ್ಗು ತೋಡೂಣು.’